ಕಾಲು, ರೆಪ್ಪೆ ಅದುರುವುದು ಎಎಲ್‌ಎಸ್ ಲಕ್ಷಣವೇ?

ನಿಮಗೆ 22 ವರ್ಷ, ಕಾಲು, ರೆಪ್ಪೆ ಅದುರುತ್ತಿವೆ, ಇದು ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ರೋಗ) ಇರಬಹುದೇ ಎಂದು ಕೇಳಿದ್ದೀರಿ. ಈ ವಯಸ್ಸಿನಲ್ಲಿ, ಶಕ್ತಿ ಕುಂದದೆ ಮೀನಖಂಡ, ರೆಪ್ಪೆ ಅಲ್ಲಲ್ಲಿ ಅದುರುತ್ತಿದ್ದರೆ ಕಾರಣ ಹೆಚ್ಚಾಗಿ ನಿದ್ರೆಗೇಡು, ಕಾಫಿ, ಆತಂಕ, ಎಎಲ್‌ಎಸ್ ಅಲ್ಲ. ಆ ರೋಗದಲ್ಲಿ ಸಾಮಾನ್ಯವಾಗಿ ದೌರ್ಬಲ್ಯವೇ ಎದ್ದು ಕಾಣುತ್ತದೆ: ಅಂಗಿಯ ಗುಂಡಿ ಹಾಕಲಾಗದು, ಕಾಲು ಎಡವುತ್ತದೆ, ಮಾತು ತೊದಲುತ್ತದೆ. ನನಗೂ ತಿಂಗಳುಗಟ್ಟಲೆ ಹೀಗೆಯೇ ಅದುರಿತ್ತು, ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಖಚಿತವಾಗಿ ಹೇಳಬೇಕು.

ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ. ಥೈರಾಯ್ಡ್, ಕ್ಯಾಲ್ಸಿಯಂ, ಬಿ12 ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಅವರು ಸೂಚಿಸಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ (ಮಿದುಳು, ನರ, ಮನೋರೋಗಗಳ ಆಸ್ಪತ್ರೆ)ಗೆ ಹೋಗಿ. ಕೈಕಾಲು ಸೋತರೆ, ನುಂಗಲು ಕಷ್ಟವಾದರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ವೈದ್ಯರನ್ನು ಕಾಣುವವರೆಗೆ ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು, ಪದೇಪದೇ ಕಾಲಿನ ಬಲ ನೋಡಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಅದುರುವಿಕೆಗೆ ಅದೇ ಮೇವು. ಭಯ ತಡೆಯಲಾಗದಿದ್ದರೆ ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತನಾಡಬಹುದು.