ಮಾತ್ರೆ ಕೊಡುವ ಮುನ್ನ ಏನು ನೋಡಬೇಕು?

ನರ್ಸಿಂಗ್ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ನಿವೃತ್ತ ನರ್ಸಿಂಗ್ ಬೋಧಕಿಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದಲ್ಲಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ರೋಗಲಕ್ಷಣಗಳು ಹೇಗೋ ನೆನಪಿರುತ್ತವೆ. ಔಷಧಿಗಳ ಪಟ್ಟಿಯನ್ನು ಎಷ್ಟು ಬಾಯಿಪಾಠ ಮಾಡಿದರೂ ಮರುದಿನಕ್ಕೆ ಉಳಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡು ಮಗಳೇ. ನಿನ್ನ ವಾರ್ಡಿನ ಒಬ್ಬ ರೋಗಿಯಿಂದ ಶುರು ಮಾಡು. ಹೃದಯ ವೈಫಲ್ಯದಿಂದ ದಾಖಲಾದ ಹಿರಿಯರೊಬ್ಬರು ಮೆಡಿಕಲ್ ವಾರ್ಡಿನಲ್ಲಿ ಇದ್ದೇ ಇರುತ್ತಾರೆ. ಅವರ ಕೇಸ್ ಶೀಟ್ ತೆರೆದರೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್, ಬಿಪಿ ಇಳಿಸಿ ಹೃದಯದ ಹೊರೆ ತಗ್ಗಿಸುವ ಎನಾಲಾಪ್ರಿಲ್, ಕೆಲವರಿಗೆ ಜೊತೆಗೆ ಹೃದಯದ ಬಡಿತಕ್ಕೆ ಬಲ ಕೊಟ್ಟು ಅದನ್ನು ನಿಧಾನಿಸುವ ಡಿಜಾಕ್ಸಿನ್ ಸಿಗುತ್ತದೆ. ಪ್ರತಿ ಔಷಧಿಗೂ ಎರಡೇ ಪ್ರಶ್ನೆ ಹಾಕಿಕೋ: ಕೊಡುವ ಮುನ್ನ ನಾನು ಏನು ನೋಡಬೇಕು, ಕೊಟ್ಟ ಮೇಲೆ ಏನನ್ನು ಕಾಯಬೇಕು?

ಮೊದಲು ಅವರ ಪಕ್ಕ ನಿಂತು ಕೇಳು: ‘ಅಜ್ಜಾ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’ ಒಂದು ದಿಂಬು ಸಾಲದೆ ಮೂರಕ್ಕೆ ಏರಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಎಂದರೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ ಎಂದು ಅರ್ಥ ಮಾಡಿಕೋ. ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡು, ಗುಳಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡು. ಹಾಸಿಗೆ ಹಿಡಿದವರಲ್ಲಿ ಬಾವು ಸೊಂಟದ ಹಿಂಭಾಗದಲ್ಲಿ ಸೇರಿಕೊಂಡಿರುತ್ತದೆ. ಬರೀ ಕಾಲು ನೋಡಿ ‘ಬಾವಿಲ್ಲ’ ಎಂದು ಬರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ನೀರನ್ನು ಮೂತ್ರದ ಮೂಲಕ ಹೊರಹಾಕುವುದು ಫ್ಯೂರೋಸಮೈಡ್. ದಿನಕ್ಕೊಮ್ಮೆಯಾದರೆ ಬೆಳಿಗ್ಗೆಯೇ ಕೊಡುತ್ತೇವೆ. ಸಂಜೆ ಕೊಟ್ಟರೆ ಅಜ್ಜ ರಾತ್ರಿಯಿಡೀ ಶೌಚಾಲಯಕ್ಕೆ ಓಡಾಡಿ, ಕತ್ತಲಲ್ಲಿ ಎಲ್ಲಾದರೂ ಬೀಳುತ್ತಾರೆ. ಕೊಡುವ ಮುನ್ನ ಬಿಪಿ ನೋಡು. ಔಷಧಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ತೂಕವೇ ಹೇಳುತ್ತದೆ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ದಿನವೂ ತೂಗಬೇಕು. ‘ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ’ ಎಂದರೆ ಮತ್ತೆ ಬಿಪಿ ನೋಡು, ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ.

ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೊರಹೋಗುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್ ಇರಬೇಕು. ಇಲ್ಲಿಯೇ ಡಿಜಾಕ್ಸಿನ್ ಬಂದು ಸೇರುತ್ತದೆ. ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ವಿಷವಾಗುವುದು ಸುಲಭ. ಉಪಕಾರ ಮಾಡುವ ಪ್ರಮಾಣಕ್ಕೂ ಅಪಕಾರ ಮಾಡುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ ಇರುವ ಔಷಧಿ ಇದು. ಕೊಡುವ ಮುನ್ನ ಮಣಿಕಟ್ಟಿನ ನಾಡಿ ಸಾಲದು. ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ, ಕೊರಳೆಲುಬಿನ ನಡುಭಾಗದಿಂದ ಕೆಳಗಿಳಿಯುವ ನೇರದಲ್ಲಿ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ಬೇಡವೇ ಬೇಡ, ಬಡಿತ ತಪ್ಪುವುದು ಉಳಿದ ನಲವತ್ತೈದು ಸೆಕೆಂಡಿನಲ್ಲೇ ಇರಬಹುದು. ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆಹಿಡಿದು ಡ್ಯೂಟಿ ಡಾಕ್ಟರಿಗೆ ತಿಳಿಸು. ಕೊಟ್ಟ ಮೇಲೆ ಕಾಯಬೇಕಾದ ಮಾತುಗಳು ತೀರಾ ಸಾಧಾರಣವಾಗಿರುತ್ತವೆ: ‘ಊಟ ಸೇರುತ್ತಿಲ್ಲ’, ‘ವಾಕರಿಕೆ ಬರುತ್ತದೆ’, ‘ದೀಪದ ಸುತ್ತ ಹಳದಿ ಕಾಣುತ್ತದೆ’. ವಯಸ್ಸಾದವರು ಹೀಗೇ ಗೊಣಗುತ್ತಾರೆ ಎಂದು ದಾಟಿಹೋಗಬೇಡ. ನಿನ್ನ ಕನ್ನಡ ಇಲ್ಲಿ ದೊಡ್ಡ ಬಲ. ಅಜ್ಜ ನಿನ್ನ ಬಳಿ ಹೇಳಿದಷ್ಟು ಬಿಚ್ಚಿ ಬೇರೆಯವರ ಬಳಿ ಹೇಳುವುದಿಲ್ಲ.

ಎನಾಲಾಪ್ರಿಲ್ ಪೊಟ್ಯಾಸಿಯಂ ಅನ್ನು ಏರಿಸುವ ಕಡೆಯದು. ಒಣ ಕೆಮ್ಮು ಬಂದರೆ ಬರೆದಿಟ್ಟು ತಿಳಿಸು. ತುಟಿ, ನಾಲಿಗೆ ಊದಿದರೆ ಮಾತ್ರೆ ನಿಲ್ಲಿಸಿ ಆ ಕ್ಷಣವೇ ಡಾಕ್ಟರನ್ನು ಕರೆ.

ಹೆಸರುಗಳ ಕೊನೆಯೂ ಸಹಾಯಕ್ಕೆ ಬರುತ್ತದೆ. ‘ಪ್ರಿಲ್’ ಎಂದು ಮುಗಿದರೆ ಎನಾಲಾಪ್ರಿಲ್‌ನ ಬಳಗ, ‘ಡಿಪಿನ್’ ಎಂದರೆ ಬಿಪಿ ಇಳಿಸುವ, ಆದರೆ ಪಾದ ಊದಿಸಬಲ್ಲ ಆಮ್ಲೊಡಿಪಿನ್‌ನ ಬಳಗ. ‘ಓಲಾಲ್’ ಎಂದಾದರೆ ಹೃದಯ ಬಡಿತ ಇಳಿಸುವ ಅಟೆನೊಲಾಲ್‌ನ ಬಳಗ, ಅದನ್ನು ಕೊಡುವ ಮುನ್ನ ರೋಗಿಗೆ ಆಸ್ತಮಾ ಇದೆಯೇ ಎಂದು ಕೇಳಲೇಬೇಕು.

ಪ್ರಶ್ನೆ: ವಾರ್ಡಿನಲ್ಲಿ ಇನ್ಸುಲಿನ್ ಸಿರಿಂಜ್‌ಗಳು ಎರಡು ಬಣ್ಣದ ಮುಚ್ಚಳದವು ಇವೆ. ಯಾವುದಾದರೂ ನಡೆಯುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದರು. ನಿಜವೇ?
– ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಖಂಡಿತ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಇನ್ಸುಲಿನ್ ಸೀಸೆಗಳು ಮಿಲಿಲೀಟರಿಗೆ 40 ಯೂನಿಟ್‌ನವೂ ಇವೆ, 100 ಯೂನಿಟ್‌ನವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಎನ್ನೋಣ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ, ಅಂದರೆ 50 ಯೂನಿಟ್. ತಿರುಗುಮುರುಗಾದರೆ ರೋಗಿಗೆ ಸಿಗುವುದು 8 ಯೂನಿಟ್ ಮಾತ್ರ. ಮುಚ್ಚಳದ ಬಣ್ಣವನ್ನಷ್ಟೇ ನಂಬಬೇಡ. ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜ್ ಮೇಲಿನ ಅಂಕಿಯನ್ನೂ ಓದಿ, ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ, ಆಮೇಲೆ ಕೊಡು. ನಿನ್ನ ಸೀನಿಯರ್‌ಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸು. ಅವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ರೆಗ್ಯುಲರ್ ಇನ್ಸುಲಿನ್ ಅನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಕೊಡುತ್ತೇವೆ. ಆದ್ದರಿಂದ ತಿಂಡಿ ಬರುವುದು ಖಚಿತವೇ, ರೋಗಿ ತಿನ್ನುವ ಸ್ಥಿತಿಯಲ್ಲಿದ್ದಾರೆಯೇ ಎಂದು ಮೊದಲೇ ನೋಡಿಕೋ. ಬೆವರು, ನಡುಕ, ಎದೆ ಡವಗುಟ್ಟುವುದು, ಮಾತು ತಡವರಿಸುವುದು ಕಂಡರೆ ಕೂಡಲೇ ಗ್ಲುಕೋಮೀಟರ್ ಹಿಡಿ. ರಕ್ತದ ಸಕ್ಕರೆ 70ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಕಡಿಮೆಯಿದ್ದು, ಎಚ್ಚರವಿದ್ದು, ನುಂಗಬಲ್ಲವರಾದರೆ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡ, ಡಾಕ್ಟರನ್ನು ಕರೆದು, ರಕ್ತನಾಳಕ್ಕೆ ಕೊಡುವ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) ಸಿದ್ಧಮಾಡು. ರೋಗಿ ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದರೆ ಎದೆ ಡವಗುಟ್ಟುವುದು ಗೊತ್ತಾಗದೆ ಹೋಗಬಹುದು, ಬೆವರು ಮಾತ್ರ ಬರುತ್ತದೆ. ಹಣೆ ಮುಟ್ಟಿ ನೋಡು.

ಪ್ರಶ್ನೆ: ಕ್ಷಯದ ಮಾತ್ರೆ ಶುರುಮಾಡಿದ್ದ ಹೆಣ್ಣುಮಗಳೊಬ್ಬಳು ಮೂತ್ರ ಕೆಂಪಾಯಿತೆಂದು ಹೆದರಿ ಮಾತ್ರೆ ಬಿಟ್ಟಿದ್ದಳು. ನಾವು ಮೊದಲೇ ಏನು ಹೇಳಬೇಕಿತ್ತು?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರನ್ನು ಕಿತ್ತಳೆಗೆಂಪು ಮಾಡುತ್ತದೆ, ಅದರಿಂದ ತೊಂದರೆಯಿಲ್ಲ ಎಂದು ಮೊದಲ ದಿನವೇ ಹೇಳಬೇಕಿತ್ತು. ಮೊದಲ ಎರಡು ತಿಂಗಳು ನಾಲ್ಕು ಔಷಧಿ (ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಾಜಿನಮೈಡ್, ಎಥಾಂಬುಟಾಲ್), ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇಷ್ಟು ಉದ್ದದ ಚಿಕಿತ್ಸೆಯಲ್ಲಿ ಹೆದರಿಕೆಯಿಂದಲೇ ಬಿಡುವವರು ಅನೇಕರು. ಐಸೋನಿಯಾಜಿಡ್‌ನಿಂದ ಕೈಕಾಲು ಜುಮ್ಮೆನ್ನಬಹುದು, ಅದಕ್ಕೇ ಪಿರಿಡಾಕ್ಸಿನ್ (ವಿಟಮಿನ್ ಬಿ6) ಜೊತೆಗಿರುತ್ತದೆ. ಪೈರಾಜಿನಮೈಡ್‌ನಿಂದ ಕೀಲು ನೋಯಬಹುದು. ಎಥಾಂಬುಟಾಲ್ ತೆಗೆದುಕೊಳ್ಳುವವರಿಗೆ ಕಣ್ಣು ಮಂಜಾದರೆ, ಕೆಂಪು ಹಸಿರಿನ ವ್ಯತ್ಯಾಸ ತಿಳಿಯದಾದರೆ ಅದೇ ದಿನ ಬರಲು ಹೇಳು. ಮೂತ್ರದ ಬಣ್ಣದ ಜೊತೆ ಕಣ್ಣಿನ ಬಿಳಿಭಾಗವೂ ಹಳದಿಯಾಗಿ ವಾಂತಿಯಿದ್ದರೆ ಅದು ಬೇರೆಯೇ ವಿಷಯ, ಯಕೃತ್ತಿಗೆ ಪೆಟ್ಟು ಬಿದ್ದಿರಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಇನ್ನೊಂದು. ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದಾಗ ಆ ಹೆಣ್ಣುಮಗಳು ಬಾಯಿ ಬಿಡಲಾರಳು. ತೂಕ ನೋಡುವ ನೆಪದಲ್ಲಿ ಒಬ್ಬಳನ್ನೇ ಒಳಗೆ ಕರೆದು ಕೇಳು. ಹೌದು ಎಂದರೆ, ಬೇರೆ ವಿಧಾನ ಸೂಚಿಸುವಂತೆ ಅಂದೇ ಡಾಕ್ಟರಿಗೆ ತಿಳಿಸು.