ಎರಡು ಗಂಟೆಗೊಮ್ಮೆ ಏಳುವ ರಾತ್ರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆಗೆಂದು ನಮ್ಮಲ್ಲಿಗೆ ಬಂದವರು ಮದ್ದೂರು ಕಡೆಯ 43 ವರ್ಷದ ಹೆಣ್ಣುಮಗಳು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡನಿಗೆ ಲಕ್ವ ಹೊಡೆದು ಏಳು ತಿಂಗಳು. ಬೆನ್ನಲ್ಲಿ ಹುಣ್ಣಾಗಬಾರದೆಂದು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು. ಬೆಳಿಗ್ಗೆ ಏಳಕ್ಕೆ ಬಸ್ಸು. "ಎದೆ ಡವಡವ ಅಂತದೆ, ಮಿಷಿನ್ ಮುಂದೆ ಕೂತ್ರೆ ಸುಮ್‌ಸುಮ್ನೆ ಅಳು ಬತ್ತದೆ. ಧೈರ್ಯನೇ ಹೊಂಟೋಗದೆ ಕಣ್ ಮೇಡಂ."

ಧೈರ್ಯದ ಮಾತಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಲಾಯಿತು. ಹಿಮೋಗ್ಲೋಬಿನ್ 8.6, ಹೆಂಗಸರಿಗೆ 12 ಆದರೂ ಇರಬೇಕು. ಸುಸ್ತು, ಎದೆಬಡಿತಕ್ಕೆ ಒಂದು ಕಾರಣ ಅಲ್ಲೇ ಸಿಕ್ಕಿತು. ಡಾಕ್ಟರು ಬರೆದ ಕಬ್ಬಿಣದ ಮಾತ್ರೆಯನ್ನು ಈಕೆ ಟೀ ಜೊತೆ ನುಂಗುತ್ತಿದ್ದರು. ಟೀ ಇದ್ದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮಾತ್ರೆಗೂ ಟೀಗೂ ಒಂದೆರಡು ಗಂಟೆ ಅಂತರ, ಮಾತ್ರೆ ಜೊತೆ ನಿಂಬೆ ನೀರು. ದಿನಕ್ಕೆ ಏಳು ಲೋಟ ಟೀ ಮೂರಕ್ಕಿಳಿಯಿತು, ಕಡೆಯದು ಮಧ್ಯಾಹ್ನ ಎರಡರೊಳಗೆ. ತಿಂಡಿ ಬಿಡುವ ಹಾಗಿಲ್ಲ. ರಾತ್ರಿಯ ಮುದ್ದೆ ಉಳಿದಿದ್ದರೆ ಮಜ್ಜಿಗೆಗೆ ಕಿವುಚಿ ಕುಡಿದರೂ ಆದೀತು.

ನಿದ್ದೆಯೇ ದೊಡ್ಡ ಗಂಟು. ಮುರಿದು ಮುರಿದು ಮಲಗುವ ಬದಲು ನಾಲ್ಕು ಗಂಟೆಯಾದರೂ ಒಂದೇ ಸಮ ನಿದ್ದೆ ಸಿಗಲಿ ಎಂದು ಲೆಕ್ಕ ಹಾಕಿ, ಹತ್ತರಿಂದ ಎರಡರವರೆಗೆ 19 ವರ್ಷದ ಮಗನ ಪಾಳಿ ಎಂದು ಗೊತ್ತುಮಾಡಲಾಯಿತು. "ಹೆಂಡ್ತಿ ಇರೋವಾಗ ಹುಡುಗುನ್ ಯಾಕೆ ಎಬ್ಬುಸ್ತೀರಿ?" ಅಂದರು ಅತ್ತೆ. ಅವರನ್ನೂ ಕರೆಸಿ, ಸೊಸೆಯೇ ಹಾಸಿಗೆ ಹಿಡಿದರೆ ನಿಮ್ಮ ಮಗನನ್ನು ನೋಡುವವರು ಯಾರು ಎಂದು ಕೇಳಿದ ಮೇಲೆ ಒಪ್ಪಿದರು. ಮಗ್ಗುಲು ಬದಲಿಸುವಾಗ ರೋಗಿಯ ತೋಳು ಹಿಡಿದೆಳೆಯಬಾರದು, ಲಕ್ವ ಹೊಡೆದ ಕಡೆಯ ಭುಜ ಜಾರಬಹುದು. ಬೆನ್ನಿನಡಿ ದುಪ್ಪಟಿ ಮಡಿಸಿ ಹಾಸಿ, ಮಂಡಿ ಬಗ್ಗಿಸಿ ನಿಂತು, ದುಪ್ಪಟಿಯನ್ನೇ ಎಳೆದರೆ ಇವರ ಸೊಂಟವೂ ಉಳಿಯುತ್ತದೆ.

ಎದೆ ಡವಡವ ಅಂದಾಗ ಮಾಡಲೆಂದು ಹೇಳಿಕೊಟ್ಟ ಉಸಿರಿನ ಅಭ್ಯಾಸ ಮೊದಲ ವಾರ ಕೆಟ್ಟಿತು. ಬಸ್ಸಿನಲ್ಲಿ ಜೋರಾಗಿ, ಬೇಗ ಬೇಗ ಎಳೆದು ತಲೆ ಸುತ್ತಿ ಬಂದಿತ್ತು. ಜಾಸ್ತಿ ಎಳೆದರೆ ಆಗುವುದೇ ಹಾಗೆ. ಮೂಗಿನಲ್ಲಿ ನಾಲ್ಕೆಣಿಸುವಷ್ಟು ಮೆಲ್ಲಗೆ ಒಳಗೆ, ಆರೆಣಿಸುವಷ್ಟು ಹೊರಗೆ. ಐದು ನಿಮಿಷ ಸಾಕು.

ಮೂರನೇ ಭೇಟಿಯಲ್ಲಿ ಸೆರಗಿನ ತುದಿ ಸುತ್ತುತ್ತಾ, ತಲೆ ಎತ್ತದೆ ಹೇಳಿದರು: "ಇವ್ರು ಕಣ್ಮುಚ್ಚುದ್ರೆ ಸಾಕು ಅನ್ನುಸ್ಬುಡ್ತದೆ." ಇಂಥ ಯೋಚನೆ ವರ್ಷಗಟ್ಟಲೆ ಆರೈಕೆ ಮಾಡುವ ಎಷ್ಟೋ ಜನರಿಗೆ ಬರುತ್ತದೆ, ಅದು ಪಾಪವಲ್ಲ, ದಣಿವು ಎಂದು ತಿಳಿಸಿ, ತಮ್ಮ ಜೀವ ಕಳಕೊಳ್ಳುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಲಾಯಿತು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಅಂಥದ್ದೇನೂ ಬಂದಿಲ್ಲ ಎಂದರು ಈಕೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅವರ ಮೊಬೈಲಿಗೆ ಸೇರಿತು; ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

"ಏನಾರ ಬೇಕಿದ್ರೆ ಕೇಳವ್ವ" ಅನ್ನುವ ನೆಂಟರಿಗೆ ಬರಿಯ ಹೂಂ ಅನ್ನದೆ, ಭಾನುವಾರ ಮೂರರಿಂದ ಐದು ಗಂಟೆವರೆಗೆ ಬಂದು ಕೂರಿ ಎಂದೇ ಕೇಳಲು ಹೇಳಲಾಯಿತು. ನಾದಿನಿ ಒಪ್ಪಿದರು.

ಎಂಟು ವಾರಕ್ಕೆ ಹಿಮೋಗ್ಲೋಬಿನ್ 10.4. ಮಾತ್ರೆ ಇನ್ನೂ ತಿಂಗಳುಗಟ್ಟಲೆ ನಡೆಯಬೇಕು. ಅಳು ನಿಂತಿಲ್ಲ, ಮಿಷಿನ್ ಮುಂದೆ ಮಾತ್ರ ಬರುತ್ತಿಲ್ಲ. ಮಗನಿಗೆ ಪರೀಕ್ಷೆ ಹತ್ತಿರ ಬಂದಿದೆ. ಆ ಹದಿನೈದು ದಿನದ ಪಾಳಿ ಯಾರದು ಎಂಬುದು ಮುಂದಿನ ಭೇಟಿಗೆ.