ಮೊಲದ ಔಷಧಿ ಡಬ್ಬಿಯಲ್ಲಿ ಥರ್ಮಾಮೀಟರ್ ಇರಲೇಬೇಕು

ಮೊಲ ಮನೆಗೆ ಬಂದು ವಾರವಾಯಿತು, ಪ್ರಥಮ ಚಿಕಿತ್ಸೆಗೆ ಏನೇನು ತಂದಿಡಬೇಕು ಎಂದು ಕೇಳಿದ್ದೀರಿ. ಹತ್ತಿ, ಗಾಜ್ ಬಟ್ಟೆ, ಗಾಯ ತೊಳೆಯಲು ಸಲೈನ್ (ಉಪ್ಪುನೀರಿನ ದ್ರಾವಣ), ಮೊಲವನ್ನು ಸುತ್ತಿ ಹಿಡಿಯಲು ಟವೆಲ್. ಉಗುರು ಕತ್ತರಿಸುವಾಗ ರಕ್ತ ಬಂದರೆ ಒತ್ತಲು ಕಾರ್ನ್‌ಫ್ಲೋರ್. ಡಿಜಿಟಲ್ ಥರ್ಮಾಮೀಟರ್ ಮಾತ್ರ ದಯವಿಟ್ಟು ಮರೆಯಬೇಡಿ. ಮೊಲದ ಸಹಜ ಉಷ್ಣತೆ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. 38ಕ್ಕಿಂತ ಇಳಿದರೆ ಅಪಾಯ. ಹತ್ತು–ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕುಳಿತರೆ ಕರುಳಿನ ಚಲನೆ ನಿಂತಿರಬಹುದು, ಬೆಳಗಾಗಲಿ ಎಂದು ಕಾಯಬೇಡಿ. ನಾಯಿಗೆ ಹಚ್ಚುವ ಫಿಪ್ರೊನಿಲ್ ಇರುವ ಚಿಗಟದ ಔಷಧಿ ಮೊಲಕ್ಕೆ ವಿಷ. ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಪ್ರಾಣಕ್ಕೆ ಕುತ್ತು. ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ. ನೋಡುವವರ ಫೋನ್ ಸಂಖ್ಯೆಯನ್ನು ಇಂದೇ ವಿಚಾರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ.